ಗ್ರೀಕ್ ಬೆಳ್ಳಿ ನಾಣ್ಯವನ್ನು ಪದಕ ಮಾಡಿಸುವುದು ಹೇಗೆ?

ಅಥೆನ್ಸಿನ ಗೂಬೆ ನಾಣ್ಯಕ್ಕೆ ತೂತು ಕೊರೆದು ಸರಕ್ಕೆ ಪೋಣಿಸಿದ್ದನ್ನು ಕಂಡರೆ ಸಂಕಟವಾಗುತ್ತದೆ. ಸುಮಾರು 2,400 ವರ್ಷ ಉಳಿದು ಬಂದದ್ದನ್ನು ಡ್ರಿಲ್ ಒಂದು ನಿಮಿಷದಲ್ಲಿ ಕೆಡಿಸಿಬಿಡುತ್ತದೆ. ಹಾಗೆಂದು ಹಳೆಯ ನಾಣ್ಯವನ್ನು ಧರಿಸಲೇಬಾರದು ಎನ್ನಲಾರೆ. ರೋಮನ್ನರೇ ನಾಣ್ಯಗಳನ್ನು ಚಿನ್ನದ ಕಟ್ಟಿನಲ್ಲಿ ಕೂರಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ರೋಮಿನ ಬುಲ್ಗರಿ ಆಭರಣ ಸಂಸ್ಥೆ 1960ರ ದಶಕದಿಂದ ಪ್ರಾಚೀನ ನಾಣ್ಯಗಳ ಸರ, ಉಂಗುರಗಳಿಗೆ ಹೆಸರಾಗಿದೆ. ಕಾಸಿನ ಸರ ಕಂಡ ನಮಗಂತೂ ಇದು ಹೊಸತೇ ಅಲ್ಲ. ಒಂದೇ ನಿಯಮ: ಮುಂದೆಂದಾದರೂ ಕಟ್ಟು ಬಿಚ್ಚಿದರೆ ನಾಣ್ಯ ಇದ್ದ ಹಾಗೆಯೇ ಹೊರಬರಬೇಕು.

ಯಾವ ನಾಣ್ಯ?

ಎಲ್ಲರ ಕಣ್ಣು ಮೊದಲು ಬೀಳುವುದು ಅಥೆನ್ಸಿನ ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮ್ ಬೆಲೆಯ ಗೂಬೆ ನಾಣ್ಯದ ಮೇಲೆ. ಒಂದು ಬದಿಯಲ್ಲಿ ಶಿರಸ್ತ್ರಾಣ ತೊಟ್ಟ ಅಥೀನಾ ದೇವಿ, ಇನ್ನೊಂದು ಬದಿಯಲ್ಲಿ ಅವಳ ಗೂಬೆ, ಪಕ್ಕದಲ್ಲಿ ಆಲಿವ್ ಚಿಗುರು. ಹತ್ತಿರದ ಲೌರಿಯೋನ್ ಗಣಿಯ ಬೆಳ್ಳಿ ಅಥೆನ್ಸಿಗೆ ಸಿರಿ ತಂದ ಕಾಲದ್ದು. ನಮ್ಮ ಕಡೆ ಗೂಬೆಯೆಂದರೆ ಅಪಶಕುನ ಎನ್ನುವ ಹಿರಿಯರಿದ್ದಾರೆ. ಅಥೆನ್ಸಿನವರಿಗೆ ಅದು ಊರನ್ನು ಕಾಯುವ ದೇವಿಯ ಹಕ್ಕಿ. ಆದರೆ ಈ ನಾಣ್ಯ ಸುಮಾರು 17.2 ಗ್ರಾಂ ತೂಗುತ್ತದೆ, ಸಾಕಷ್ಟು ದಪ್ಪ. ಅಥೀನಾಳ ಕೆನ್ನೆ ಎಷ್ಟು ಉಬ್ಬಿರುತ್ತದೆಂದರೆ ಬಟ್ಟೆ, ಗುಂಡಿಗಳಿಗೆ ಮೊದಲು ಉಜ್ಜುವುದೇ ಅದು.

ಮೊದಲ ಸಲ ಮಾಡಿಸುವವರಿಗೆ ನಾನು ಹೇಳುವುದು ಅಲೆಕ್ಸಾಂಡರನ ಡ್ರಾಕ್ಮ್, ಅಂದರೆ ಒಂದು ಡ್ರಾಕ್ಮಿನ ಸಣ್ಣ ಬೆಳ್ಳಿ ನಾಣ್ಯ. ಸುಮಾರು 4.2 ಗ್ರಾಂ, 17–18 ಮಿಲಿಮೀಟರ್ ಅಗಲ. ಸಿಂಹದ ಚರ್ಮ ಹೊದ್ದ ಗ್ರೀಕ್ ವೀರ ಹೆರಾಕ್ಲಿಸ್ ಒಂದೆಡೆ, ಪೀಠದಲ್ಲಿ ಕುಳಿತ ದೇವರಾಜ ಜ್ಯೂಸ್ ಇನ್ನೊಂದೆಡೆ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಸತ್ತ ಮೇಲೂ ಹಲವು ಊರುಗಳ ಟಂಕಸಾಲೆಗಳು ಅವನ ಹೆಸರಿನಲ್ಲೇ ಇದನ್ನು ಅಚ್ಚು ಹಾಕಿದವು, ಹಾಗಾಗಿ ಇವು ಇಂದಿಗೂ ಸಾಕಷ್ಟಿವೆ. ಗೆರೆಗೆರೆ ಸ್ಪಷ್ಟವಿರುವ ಅಪರೂಪದ ನಾಣ್ಯ ಪದಕಕ್ಕೆ ಬೇಡ, ದಯವಿಟ್ಟು. ಆಗಲೇ ತುಸು ಸವೆದದ್ದು ಸಾಕು. ಬೆಳ್ಳಿಯೇ ಹೌದೇ ಎಂದು ನೋಡಲು ಹಿಂದಿನವರು ಉಳಿಯಿಂದ ಹೊಡೆದ ಗುರುತಿದ್ದರೆ ಇನ್ನೂ ಒಳ್ಳೆಯದು: ಬೆಲೆ ಇಳಿಯುತ್ತದೆ, ಕಥೆ ಏರುತ್ತದೆ. ಉಂಗುರಕ್ಕೆ ಮಾತ್ರ ಬೇಡವೇ ಬೇಡ. ಕೈ ದಿನಕ್ಕೆಷ್ಟು ಸಲ ಗೋಡೆ, ಮೇಜು, ಪಾತ್ರೆಗೆ ತಗಲುತ್ತದೆ ನೋಡಿ.

ಅಸಲಿಯೇ?

ಮೊದಲು ಅಂಚು ನೋಡಿ. ಗ್ರೀಕರು ಬಿಸಿ ಮಾಡಿದ ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದರು. ಅದರಿಂದ ಅಂಚಿನಲ್ಲಿ ಸೀಳು, ಅಂಕುಡೊಂಕು ಇರುವುದು ಸಹಜ. ಅಂಚಿನ ಸುತ್ತ ನೇರ ಗೆರೆಯೊಂದು ಓಡಿದ್ದರೆ, ಮೈಮೇಲೆ ಗುಳ್ಳೆಯಂಥ ಸಣ್ಣ ಕುಳಿಗಳಿದ್ದರೆ ಅದು ಎರಕದ ನಕಲಿ ಇರಬಹುದು.

ಮುಂದಿನದು ತೂಕ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ನಾಣ್ಯ ತೂಗಿ. ಬಳಿಕ ದಾರದಲ್ಲಿ ಕಟ್ಟಿ, ನೀರಿನಲ್ಲಿ ಮುಳುಗಿ ತೂಗಾಡುವಂತೆ ಮಾಡಿ ಮತ್ತೆ ತೂಗಿ. ಮೊದಲ ತೂಕವನ್ನು, ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿ. ಶುದ್ಧ ಬೆಳ್ಳಿಗೆ ಉತ್ತರ 10.49. ಒಳ್ಳೆಯ ಗ್ರೀಕ್ ನಾಣ್ಯ ಅದಕ್ಕೆ ಹತ್ತಿರ ಬರುತ್ತದೆ. ತಾಮ್ರದ ತಿರುಳಿಗೆ ಬೆಳ್ಳಿ ಹೊದಿಸಿದ್ದಾದರೆ (ಇಂಥ ಮೋಸ ಆ ಕಾಲದಲ್ಲೂ ಇತ್ತು) ಸ್ಪಷ್ಟವಾಗಿ ಕೆಳಗಿಳಿಯುತ್ತದೆ. ಆದರೆ ನಕಲಿಯನ್ನೂ ಬೆಳ್ಳಿಯಲ್ಲೇ ಮಾಡುವವರಿದ್ದಾರೆ, ಆದ್ದರಿಂದ ತಜ್ಞರ ಕಣ್ಣು ಬೇಕೇ ಬೇಕು. ಯಾವ ಸಂಗ್ರಹದಿಂದ ಬಂತು ಎಂಬ ಕಾಗದವಿಲ್ಲದ ನಾಣ್ಯ ಕೊಳ್ಳಬೇಡಿ. ಕದ್ದು ಅಗೆಯುವವರ ಕೈ ಬಲಪಡಿಸುವುದು ಇಂಥ ಕೊಳ್ಳುಗರೇ.

ಅಕ್ಕಸಾಲಿಗರ ಮುಂದೆ

ಹಳೆಯ ಬೆಳ್ಳಿ ಹೊಸ ಬೆಳ್ಳಿಯಂತೆ ಬಾಗುವುದಿಲ್ಲ. ಶತಮಾನಗಳಲ್ಲಿ ಒಳಗಿನ ಹರಳುಗಳ ನಡುವಿನ ಹಿಡಿತ ಸಡಿಲವಾಗಿ, ಒತ್ತಿದರೆ ಬಿಸ್ಕತ್ತಿನ ಹಾಗೆ ಮುರಿಯುವ ನಾಣ್ಯಗಳಿವೆ. ಭೂತಗನ್ನಡಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಪದಕದ ಆಸೆ ಅಲ್ಲಿಗೇ ಬಿಡಿ.

ಬಿರುಕಿಲ್ಲದಿದ್ದರೆ ಅಕ್ಕಸಾಲಿಗರಿಗೆ ಮೂರು ಮಾತು ಖಂಡಿತವಾಗಿ ಹೇಳಿ: ತೂತು ಬೇಡ, ನಾಣ್ಯಕ್ಕೆ ಬೆಸುಗೆ ಬೇಡ, ಪಾಲಿಶ್ ಬೇಡ. ಅಂಗಡಿಯಲ್ಲಿ ಸಿಗುವ ಸಿದ್ಧ ದುಂಡು ಕಟ್ಟು ಇದಕ್ಕೆ ಹೊಂದುವುದಿಲ್ಲ, ಏಕೆಂದರೆ ಈ ನಾಣ್ಯಗಳು ಪೂರ್ತಿ ದುಂಡಗಿಲ್ಲ. ಅಂಚನ್ನು ಕಾಗದದ ಮೇಲೆ ಗುರುತು ಮಾಡಿಕೊಂಡು, ದಪ್ಪವನ್ನು ನಾಲ್ಕಾರು ಕಡೆ ಅಳೆದು, ಅದೇ ಆಕಾರದ ಹಿತ್ತಾಳೆ ಬಿಲ್ಲೆ ಮಾಡಿಸಿ. ಕಾಯಿಸುವುದು, ಬೆಸೆಯುವುದು, ಕೊಂಡಿ ಕೂಡಿಸುವುದು ಎಲ್ಲವೂ ಆ ಬಿಲ್ಲೆಯ ಮೇಲೆಯೇ ಆಗಲಿ. ಕಟ್ಟು ತಣ್ಣಗಾಗಿ, ತೊಳೆದು ಒಣಗಿದ ಮೇಲಷ್ಟೇ ನಾಣ್ಯ ಒಳಗೆ ಬರಬೇಕು.

ಸುತ್ತಲೂ ಅಂಚು ಮಡಚುವ ಕಟ್ಟಿಗಿಂತ ಅಂಚನ್ನು ಹಿಡಿಯುವ ನಾಲ್ಕೋ ಆರೋ ಮೆತ್ತನೆ ಲೋಹದ ಉಗುರುಗಳ ಕಟ್ಟು ನನಗೆ ಹೆಚ್ಚು ಹಿಡಿಸುತ್ತದೆ. ಒತ್ತಡ ಕಡಿಮೆ, ಬಿಚ್ಚುವುದೂ ಸುಲಭ, ಎರಡೂ ಮುಖ ಕಾಣುತ್ತವೆ. ಉಗುರಿಗೆ 22 ಕ್ಯಾರಟ್ ಚಿನ್ನ ಅಥವಾ ಶುದ್ಧ ಬೆಳ್ಳಿ ಸಾಕಷ್ಟು ಮೆತ್ತಗಿರುತ್ತದೆ. ಉಗುರುಗಳ ತುದಿ ಅಕ್ಷರಗಳ ಮೇಲಾಗಲಿ ಮುಖದ ಮೇಲಾಗಲಿ ಬರಬಾರದು. ಕಟ್ಟಿನ ಅಂಚು ನಾಣ್ಯದ ಉಬ್ಬಿಗಿಂತ ತುಸು ಎತ್ತರವಿದ್ದರೆ ಉಜ್ಜುವಿಕೆಯೆಲ್ಲ ಕಟ್ಟಿಗೇ ಹೋಗುತ್ತದೆ.

ಕೊಂಡಿಯ ಜಾಗ ಗುರುತಿಸುವ ಮೊದಲು ನಾಣ್ಯವನ್ನು ತಿರುಗಿಸಿ ನೋಡಿ. ಕೈಯಲ್ಲಿ ಹೊಡೆದ ಅಚ್ಚುಗಳಲ್ಲಿ ಎರಡು ಮುಖಗಳು ಒಂದೇ ದಿಕ್ಕಿಗೆ ನಿಂತಿರಬೇಕೆಂದಿಲ್ಲ. ಅಥೀನಾ ನೆಟ್ಟಗೆ ನಿಂತರೆ ಹಿಂದಿನ ಗೂಬೆ ಅಡ್ಡ ಮಲಗಬಹುದು. ಯಾವ ಮುಖ ಲೋಕಕ್ಕೆ ಕಾಣಬೇಕೆಂದು ನೀವೇ ತೀರ್ಮಾನಿಸಿ.

ಧರಿಸುವಾಗ

ಸ್ನಾನಕ್ಕೆ, ನಿದ್ದೆಗೆ, ವ್ಯಾಯಾಮಕ್ಕೆ ಮೊದಲು ತೆಗೆದಿಡಿ. ಅತ್ತರು ಪೂಸಿಕೊಂಡು ಒಣಗಿದ ಮೇಲೆ ಹಾಕಿಕೊಳ್ಳಿ. ಬೆಳ್ಳಿ ದೀಪಕ್ಕೆ ಹಚ್ಚುವ ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದೂ ಇದಕ್ಕೆ ಸಲ್ಲದು. ಹಳೆಯ ಬೆಳ್ಳಿಯ ಮೇಲಿನ ಕಪ್ಪು ಛಾಯೆಯೇ ನಾಣ್ಯದ ಚೆಲುವು, ಗೆರೆಗಳನ್ನು ಎತ್ತಿ ತೋರಿಸುವುದೂ ಅದೇ. ಒಣ ಹತ್ತಿ ಬಟ್ಟೆಯಿಂದ ಬೆವರು ಒತ್ತಿ ತೆಗೆದರೆ ಸಾಕು. ಮೆತ್ತನೆ ಪಿವಿಸಿ ಲಕೋಟೆಯಲ್ಲಿ ಇಟ್ಟರೆ ಹಸಿರು ಜಿಡ್ಡು ಏಳಬಹುದು, ಪಾಲಿಥೀನ್ ಚೀಲ ಒಳ್ಳೆಯದು. ಉಗುರುಗಳು ಸಡಿಲವಾಗಿವೆಯೇ ಎಂದು ಆಗಾಗ ನೋಡುತ್ತಿರಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಮಾತು. 1972ರ ಭಾರತದ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಪದಕ ಧರಿಸಿ ಊರಿಗೆ ಬಂದರೆ ಮರಳುವಾಗ ತೊಡಕಾದೀತು; ಅಂಥ ಯೋಚನೆಯಿದ್ದರೆ ಟಿಕೆಟ್ ತೆಗೆಸುವ ಮುನ್ನವೇ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕಚೇರಿಯನ್ನು ವಿಚಾರಿಸಿ, ಇಲ್ಲವೇ ಅದನ್ನು ಅಲ್ಲೇ ಬಿಟ್ಟು ಬನ್ನಿ.