ನೆಲದಡಿ ತುಂಬಿದ ಗ್ಯಾಸ್ ಮೇಲೆ ಬರುತ್ತಿದೆಯಾ? ಕಾವಲಿನ ಅನುಭವ

ಗಾಳಿಗೆ ಸೇರದಿರಲಿ ಅಂತ ಕಾರ್ಬನ್ ಡೈಆಕ್ಸೈಡನ್ನು ನೆಲದ ಆಳಕ್ಕೆ ಪಂಪ್ ಮಾಡಿ ಕೂಡಿಡುತ್ತಾರೆ. ಅದು ಮೇಲೆ ಸೋರುತ್ತಿದೆಯಾ ಅಂತ ನೋಡುವುದು ನನ್ನ ಕೆಲಸ. ಇಷ್ಟು ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಬಂಡೆ ಬಿರುಕು ಬಿಟ್ಟರೆ ಏನು ಗತಿ?’ ಶುರುವಿನಲ್ಲಿ ನನಗೂ ಅದೇ ಭಯ ಇತ್ತು. ಈಗ ಬಂಡೆಗಿಂತ, ಹಿಂದೆ ಯಾರೋ ಆಳಕ್ಕೆ ಕೊರೆದು ಬಿಟ್ಟ ಹಳೇ ಕೊಳವೆ ಬಾವಿಗಳಿಗೆ ಜಾಸ್ತಿ ಹೆದರುತ್ತೇನೆ.

ಸಾಮಾನ್ಯವಾಗಿ 800 ಮೀಟರಿಗಿಂತ ಆಳಕ್ಕೇ ತುಂಬುತ್ತಾರೆ. ಶಾಖ 31 ಡಿಗ್ರಿ, ಒತ್ತಡ 74 ಬಾರ್ ದಾಟಿದರೆ ಕಾರ್ಬನ್ ಡೈಆಕ್ಸೈಡ್ ಅತ್ತ ಗ್ಯಾಸೂ ಅಲ್ಲ, ಇತ್ತ ದ್ರವವೂ ಅಲ್ಲ ಎಂಬಂತಾಗುತ್ತದೆ. ಜಾಗ ಕಡಿಮೆ ಸಾಕು, ಹರಿಯುವುದು ಮಾತ್ರ ಸಲೀಸು. ಆದರೆ ಆಳದ ಮರಳುಗಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಮೊದಲೇ ಉಪ್ಪುನೀರು ತುಂಬಿರುತ್ತದೆ. ಅದಕ್ಕಿಂತ ಇದು ಹಗುರ. ಹಾಗಾಗಿ ಮೇಲಕ್ಕೇರುತ್ತದೆ, ಜೇಡಿಯಂಥ ಗಟ್ಟಿ ಕಲ್ಲಿನ ಪದರ ಮುಚ್ಚಳದಂತೆ ತಡೆಯುವ ತನಕ. ಆಮೇಲೆ ಒಂದಷ್ಟು ರಂಧ್ರಗಳಲ್ಲೇ ಸಿಕ್ಕಿಕೊಳ್ಳುತ್ತದೆ, ಒಂದಷ್ಟು ಉಪ್ಪುನೀರಿನಲ್ಲಿ ಕರಗುತ್ತದೆ. ಕರಗಿಸಿಕೊಂಡ ನೀರು ತುಸು ಭಾರವಾಗಿ ಕೆಳಗಿಳಿಯುತ್ತದೆ. ಕಲ್ಲಾಗುವುದು ಎಲ್ಲಕ್ಕಿಂತ ಕೊನೆಗೆ. ಅಂದರೆ ಪಂಪ್ ಓಡುತ್ತಿರುವಾಗ ಮತ್ತು ನಿಲ್ಲಿಸಿದ ಮೊದಲ ವರ್ಷಗಳಲ್ಲಿ ಅಪಾಯ ಹೆಚ್ಚು. ಒತ್ತಡ ಇಳಿದಂತೆ ಅದೂ ಇಳಿಯುತ್ತದೆ.

ಉತ್ತರ ಸಮುದ್ರದ ಸ್ಲೈಪ್‌ನರ್ ಗ್ಯಾಸ್ ಕ್ಷೇತ್ರದಲ್ಲಿ 1996ರಿಂದ ತುಂಬಿದ್ದು ಮೂರೇ ವರ್ಷದಲ್ಲಿ ಮರಳಿನ ನಡುವಿನ ತೆಳು ಜೇಡಿ ಪದರಗಳನ್ನೆಲ್ಲ ದಾಟಿ ಮೇಲಿನ ಮುಚ್ಚಳದ ತಳ ಮುಟ್ಟಿತ್ತು. ನೆಲದೊಳಗೆ ಕಂಪನ ಕಳಿಸಿ ತೆಗೆಯುವ ಸೈಸ್ಮಿಕ್ ಚಿತ್ರದಲ್ಲಿ ಇದು ಕಾಣುತ್ತದೆ. ಮುಚ್ಚಳ ಮಾತ್ರ ಜಗ್ಗಲಿಲ್ಲ. ಅಲ್ಜೀರಿಯಾದ ಇನ್ ಸಲಾಹ್ ಬೇರೆಯೇ ಕಥೆ. ಅಲ್ಲಿ 2004ರಿಂದ 2011ರವರೆಗೆ ಸುಮಾರು 38 ಲಕ್ಷ ಟನ್ ತುಂಬಿದರು. ನೆಲ ವರ್ಷಕ್ಕೆ ಕೆಲವು ಮಿಲಿಮೀಟರ್ ಉಬ್ಬಿದ್ದನ್ನು ಉಪಗ್ರಹದ ರಾಡಾರ್ ಹಿಡಿಯಿತು. ಆದರೆ ಗ್ಯಾಸ್ ಕಣ್ಣಿಗೆ ಬಿದ್ದದ್ದು ಎಲ್ಲಿ? ಕೆಬಿ-5 ಎಂಬ ಹಳೇ ಬಾವಿಯ ಬಾಯಲ್ಲಿ.

ಇನ್ನು ನನ್ನ ಕಥೆ. ನಾನು ಕೆಲಸ ಮಾಡಿದ ಜಾಗದಲ್ಲಿ ಮಣ್ಣೊಳಗಿನ ಗಾಳಿ ಅಳೆಯಲು ಒಂದೊಂದು ಮೀಟರ್ ಆಳಕ್ಕೆ ಪ್ರೋಬ್, ಅಂದರೆ ಅಳೆಯುವ ಕಡ್ಡಿ, ಹಾಕಿದ್ದೆವು. ಪಂಪ್ ಶುರುವಾಗುವ ಮೊದಲು ನಾಲ್ಕು ತಿಂಗಳ ಬೇಸ್‌ಲೈನ್, ಅಂದರೆ ಹೋಲಿಸಿ ನೋಡಲು ಮೊದಲಿನ ಸಹಜ ಅಂಕಿ, ತೆಗೆದುಕೊಂಡೆವು. ನಾಲ್ಕೂ ಒಣ ತಿಂಗಳು! ಆಗ ಇದು ಸಾಕು ಅಂತ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಎರಡನೇ ವರ್ಷ ಮೊದಲ ಮಳೆ ಬಿದ್ದ ವಾರ ಒಂದು ಪ್ರೋಬ್ 7 ಶೇಕಡಾ ಕಾರ್ಬನ್ ಡೈಆಕ್ಸೈಡ್ ತೋರಿಸಿತು. ಅಲ್ಲಿ ಅದುವರೆಗೆ ಒಂದು ದಾಟಿದ್ದೇ ಇಲ್ಲ. ಅರ್ಧ ಗಂಟೆಯಲ್ಲಿ ಫೋನ್ ಮೇಲೆ ಫೋನ್. ಪಂಪ್ ನಿಲ್ಲಿಸಬೇಕಾ? ಹೊರಗಿನವರಿಗೆ ಏನು ಹೇಳಬೇಕು? ನಾನು ‘ಹತ್ತು ನಿಮಿಷ ಕೊಡಿ, ಆಮ್ಲಜನಕದ ಅಂಕಿ ನೋಡ್ತೀನಿ’ ಅಂದೆ.

ಲೆಕ್ಕ ಸಣ್ಣದು. ಬೇರು, ಸೂಕ್ಷ್ಮಜೀವಿಗಳು ಉಸಿರಾಡಿದರೆ ಎಷ್ಟು ಆಮ್ಲಜನಕ ಖರ್ಚಾಗುತ್ತದೋ ಹೆಚ್ಚುಕಡಿಮೆ ಅಷ್ಟೇ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಎರಡನ್ನೂ ಕೂಡಿದರೆ 21ರ ಆಸುಪಾಸು. ಸಾರಜನಕ 78ರಲ್ಲೇ ಇರುತ್ತದೆ. ಕೆಳಗಿನಿಂದ 7 ಶೇಕಡಾ ನುಗ್ಗಿ ಬಂದಿದ್ದರೆ ಹಾಗಲ್ಲ. ಅದು ಇದ್ದ ಗಾಳಿಯನ್ನೆಲ್ಲ ಒಟ್ಟಿಗೆ ತಳ್ಳುತ್ತದೆ. ಸಾರಜನಕ 72.5ಕ್ಕೆ ಇಳಿಯಬೇಕು, ಆಮ್ಲಜನಕ 19.5ರಲ್ಲಿ ನಿಲ್ಲಬೇಕು. ನಮ್ಮ ಪ್ರೋಬಿನಲ್ಲಿ ಆಮ್ಲಜನಕ 14, ಸಾರಜನಕ 78. ನೆಂದ ಮಣ್ಣು ಉಸಿರಾಡುತ್ತಿತ್ತು, ಅಷ್ಟೇ.

ಆದರೂ ಸುಮ್ನೆ ನನ್ನ ಮಾತು ನಂಬಿ ಅನ್ನಲಾಗುತ್ತಾ? ಸ್ಯಾಂಪಲನ್ನು ಕಾರ್ಬನ್-14 ಪರೀಕ್ಷೆಗೆ ಕಳಿಸಿದೆವು. ನಾವು ತುಂಬುತ್ತಿದ್ದದ್ದು ಕಲ್ಲಿದ್ದಲಿನಿಂದ ಬಂದದ್ದು, ಅದು ತೀರಾ ಹಳೆಯದಾದ್ದರಿಂದ ಅದರಲ್ಲಿ ಕಾರ್ಬನ್-14 ಉಳಿದಿರುವುದಿಲ್ಲ. ಗಿಡದ ಬೇರಿನದ್ದರಲ್ಲಿ ಇರುತ್ತದೆ. ಫಲಿತಾಂಶ ಬರಲು ಆರು ವಾರ ಹಿಡಿಯಿತು. ಅದು ಬೇರಿನದ್ದೇ. ಆ ಆರು ವಾರ ನನ್ನ ಲೆಕ್ಕವನ್ನು ದಿನಕ್ಕೊಮ್ಮೆ ತಿರುಗಿ ಮಾಡುತ್ತಿದ್ದೆ. ಕಡೇಪಕ್ಷ ಒಂದು ಇಡೀ ವರ್ಷದ ಬೇಸ್‌ಲೈನ್ ಇಲ್ಲದೆ ಈಗ ನಾನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ.

ಈ ಗಲಾಟೆಯಿಂದ ಒಂದು ಒಳ್ಳೆಯದಾಯಿತು. ಸುತ್ತಲಿನ ಬಾವಿಗಳನ್ನೆಲ್ಲ ಮತ್ತೊಮ್ಮೆ ಹುಡುಕಲು ಒಪ್ಪಿಗೆ ಸಿಕ್ಕಿತು. ದಾಖಲೆಯ ಪ್ರಕಾರ ಆಳದ ಬಾವಿ ಐದು. ಕಾಂತಶಕ್ತಿ ಅಳೆಯುವ ಮ್ಯಾಗ್ನೆಟೋಮೀಟರ್ ಹಿಡಿದು ಸಾಲು ಸಾಲಾಗಿ ನಡೆದೆವು. ಹೂತುಹೋದ ಉಕ್ಕಿನ ಕೇಸಿಂಗ್ (ಬಾವಿಯೊಳಗೆ ಇಳಿಸಿದ ಕೊಳವೆ) ಇದ್ದಲ್ಲಿ ಅಂಕಿ ಥಟ್ಟನೆ ಏರುತ್ತದೆ. ಮೂರನೇ ದಿನ ಆರನೆಯದು ಸಿಕ್ಕಿತು. ಮೇಲೆ ಹುಲ್ಲು, ಕೆಳಗೆ ತುಕ್ಕು ಹಿಡಿದ ಕೊಳವೆ.

ಅಗೆದು, ಕೊರೆಯುವ ರಿಗ್ ತಂದು ಒಳಗಿಳಿದಾಗ ಗೊತ್ತಾಯಿತು, ಮೇಲೆ ಒಂದು ಸಿಮೆಂಟ್ ಬಿರಡೆ ಬಿಟ್ಟರೆ ಉಳಿದದ್ದೆಲ್ಲ ಕೆಸರು. ಮುಚ್ಚಳದ ಪದರದ ಎತ್ತರದಲ್ಲಿ ಬಿರಡೆಯೇ ಇಲ್ಲ. ಕೇಸಿಂಗ್ ಹಿಂದಿನ ಸಿಮೆಂಟ್ ಅಂಟಿದೆಯಾ ಅಂತ ಶಬ್ದದಿಂದ ನೋಡುವ ಬಾಂಡ್ ಲಾಗ್ ಉಪಕರಣ ಇಳಿಸಿದೆವು. ಒತ್ತಡ ಕೊಟ್ಟು ಅಳೆದಾಗ ಚೆನ್ನಾಗಿ ಕಂಡಿತು, ಒತ್ತಡ ತೆಗೆದಾಗ ಕೆಟ್ಟದಾಗಿ ಕಂಡಿತು. ಅಂದರೆ ಉಕ್ಕಿಗೂ ಸಿಮೆಂಟಿಗೂ ನಡುವೆ ಕೂದಲೆಳೆಯಷ್ಟು ಸಂದು. ಒತ್ತಡಕ್ಕೆ ಕೇಸಿಂಗ್ ಉಬ್ಬಿ ಅದನ್ನು ಮುಚ್ಚುತ್ತಿತ್ತು. ಸಿಮೆಂಟನ್ನು ಕಾರ್ಬನ್ ಡೈಆಕ್ಸೈಡ್ ತಿಂದುಬಿಡುತ್ತದೆ ಅಂತ ಹೆದರಿಸುವವರಿದ್ದಾರೆ. ಗಟ್ಟಿ ಸಿಮೆಂಟಿನೊಳಗೆ ಅದು ಬಹಳ ನಿಧಾನ. ದಾರಿ ಕೊಡುವುದು ಇಂಥ ಸಂದುಗಳು.

ಆ ಎತ್ತರದಲ್ಲಿ ಕೇಸಿಂಗನ್ನು ಒಂದಷ್ಟು ಮೀಟರ್ ಪೂರ್ತಿ ಅರೆದು ತೆಗೆದೆವು. ಹೊರಗಿನ ಬಂಡೆಗೇ ನೇರ ಅಂಟುವ ಹಾಗೆ ಹೊಸ ಸಿಮೆಂಟ್ ತುಂಬಿದೆವು. ಮೊದಲ ಸಲ ಒತ್ತಡದ ಪರೀಕ್ಷೆ ಪಾಸಾಗಲಿಲ್ಲ. ಮತ್ತೆ ಕೊರೆದು, ಮತ್ತೆ ತುಂಬಿ, ಎರಡನೇ ಸಲ ನಿಂತಿತು. ಅದೃಷ್ಟಕ್ಕೆ ಗ್ಯಾಸ್ ಇನ್ನೂ ಅಲ್ಲಿಗೆ ತಲುಪಿರಲಿಲ್ಲ. ಸೈಸ್ಮಿಕ್ ಪ್ರಕಾರ ಇನ್ನೂ ಮುಕ್ಕಾಲು ಕಿಲೋಮೀಟರ್ ದೂರ ಇತ್ತು.

ಆ ಬಾವಿಯ ಪಕ್ಕ ಈಗ ಎರಡು ಪ್ರೋಬ್ ಇವೆ. ಮೊದಲ ಮಳೆಗೆ ಅವೂ ಏರುತ್ತವೆ. ನಾನು ಕಾರ್ಬನ್ ಡೈಆಕ್ಸೈಡಿನ ಅಂಕಿ ಆಮೇಲೆ ನೋಡುತ್ತೇನೆ, ಮೊದಲು ಸಾರಜನಕ.