ಮದುವೆಗೆ ಮುನ್ನ ಹಣದ ಮಾತನ್ನು ಬರೆದಿಡುವುದು ಹೇಗೆ?

ಛತ್ರ, ಊಟ, ಒಡವೆಗಳ ಬಗ್ಗೆ ಎರಡೂ ಮನೆಯವರು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಹುಡುಗನ ಹೆಸರಲ್ಲಿ ಎಷ್ಟು ಸಾಲವಿದೆ, ಹುಡುಗಿ ಸಂಬಳದಲ್ಲಿ ತವರಿಗೆಷ್ಟು ಕೊಡುತ್ತಾಳೆ ಎಂಬುದು ಮಾತ್ರ ಮದುವೆ ಮುಗಿದ ಮೇಲೆ ಹೊರಬರುತ್ತದೆ. ಹಣ, ಆಸ್ತಿಯ ವಿಷಯವನ್ನು ಮದುವೆಗೆ ಮೊದಲೇ ಬರೆದು ಸಹಿ ಮಾಡುವ ವಿವಾಹಪೂರ್ವ ಒಪ್ಪಂದದ ದೊಡ್ಡ ಲಾಭವೆಂದರೆ ಈ ಮಾತು ಮೊದಲೇ ಆಗುತ್ತದೆ.

ಕಾನೂನಿನ ಮಿತಿಯನ್ನು ಮೊದಲು ತಿಳಿಯಿರಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಂಥ ಒಪ್ಪಂದದ ಪ್ರಸ್ತಾಪವೇ ಇಲ್ಲ. ಸಾರ್ವಜನಿಕ ನೀತಿಗೆ ವಿರುದ್ಧವೆನಿಸಿದ ಷರತ್ತು 1872ರ ಕರಾರು ಕಾಯ್ದೆಯ 23ನೇ ಕಲಮಿನಡಿ ಬಿದ್ದುಹೋಗುತ್ತದೆ. ಮುಸ್ಲಿಮರ ಮದುವೆಯ ಕರಾರುಪತ್ರವಾದ ನಿಕಾಹ್‌ನಾಮಾದಲ್ಲಿ ಮಹರ್ (ವರ ವಧುವಿಗೆ ಕೊಡಬೇಕಾದ ಹಣ ಅಥವಾ ಆಸ್ತಿ) ಜೊತೆಗೆ ನ್ಯಾಯಸಮ್ಮತ ಷರತ್ತುಗಳನ್ನೂ ಬರೆಸಬಹುದು. ಗೋವಾದ ಸ್ಥಿತಿಯೇ ಬೇರೆ. ಅಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪರಂಪರೆಯಂತೆ, ಒಪ್ಪಂದವಿಲ್ಲದಿದ್ದರೆ ದಂಪತಿಯ ಆಸ್ತಿ ಸಾಮಾನ್ಯವಾಗಿ ಜಂಟಿಯಾಗುತ್ತದೆ. ಬೇರೆಯಾಗಿಯೇ ಉಳಿಯಬೇಕೆಂದರೆ ಮದುವೆಗೆ ಮುಂಚೆ ಬರೆಸಬೇಕು. ಗೋವಾದೊಂದಿಗೆ ಸಂಬಂಧ ಬೆಳೆಸುವ ಕಾರವಾರದ ಕುಟುಂಬಗಳು ಇದನ್ನು ವಿಚಾರಿಸಲೇಬೇಕು.

ಇನ್ನು ಬರೆಯಲು ಕೂರಿ. ಇಬ್ಬರೂ ತಮ್ಮ ನಿವೇಶನ, ಠೇವಣಿ, ಚಿನ್ನ, ಗೃಹಸಾಲ, ಶಿಕ್ಷಣ ಸಾಲ, ಯಾರಿಗಾದರೂ ಹಾಕಿದ ಜಾಮೀನು, ಎಲ್ಲವನ್ನೂ ಪ್ರತ್ಯೇಕ ಹಾಳೆಯಲ್ಲಿ ನಮೂದಿಸಲಿ. ಜಾಮೀನನ್ನು ಮರೆಯುವವರೇ ಹೆಚ್ಚು.

ಮುಂದಿನದು ಉಡುಗೊರೆಗಳ ಪಟ್ಟಿ. ಇದು ಐಚ್ಛಿಕವಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ, ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧು, ವರನಿಗೆ ಬಂದವುಗಳ ಪಟ್ಟಿಯನ್ನು ವರ ಇಟ್ಟುಕೊಳ್ಳಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು ಮತ್ತು ಸಂಬಂಧ ಬರೆದು ಇಬ್ಬರೂ ಸಹಿ ಮಾಡಬೇಕು. ಎಷ್ಟು ಮದುವೆಗಳಲ್ಲಿ ಇದು ನಡೆಯುತ್ತದೆ? ಸ್ತ್ರೀಧನದ, ಅಂದರೆ ಹೆಣ್ಣಿಗೆ ಬಂದ ಒಡವೆ, ಉಡುಗೊರೆ ಮುಂತಾದವುಗಳ ಮೇಲೆ ಹೆಂಡತಿಗೇ ಪೂರ್ಣ ಹಕ್ಕು, ಗಂಡನ ಮನೆಯವರ ಬಳಿ ಇದ್ದ ಮಾತ್ರಕ್ಕೆ ಅದು ಅವರದಾಗದು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಬಳೆಯ ಜೋಡಿ ಎಷ್ಟಿತ್ತು ಎಂಬುದಕ್ಕೆ ದಾಖಲೆ ಇಲ್ಲದೆ ಹೆಣ್ಣುಮಕ್ಕಳು ನ್ಯಾಯಾಲಯದಲ್ಲಿ ಪಡುವ ಪಾಡು ಬೇಡ. ತೂಕದ ರಸೀದಿ, ಫೋಟೊ ಜೊತೆಗಿಡಿ.

ನಂತರ ಮುಂದಿನ ದಿನಗಳ ಮಾತು: ಮನೆ ಕೊಂಡರೆ ಯಾರ ಹೆಸರಿಗೆ, ಕಂತು ಯಾರದು, ಇಬ್ಬರ ಹೆತ್ತವರ ಔಷಧದ ಖರ್ಚು ಹೇಗೆ, ಮಗುವಿಗಾಗಿ ಕೆಲಸ ಬಿಟ್ಟವರಿಗೆ ಉಳಿತಾಯದಲ್ಲಿ ಪಾಲೆಷ್ಟು. ಕೊನೆಯ ಪ್ರಶ್ನೆಯನ್ನು ಹುಡುಗಿಯೇ ಎತ್ತಬೇಕೆಂದು ಕಾಯಬೇಡಿ.

ಜೀವನಾಂಶ ಕೇಳುವುದಿಲ್ಲ, ಮಕ್ಕಳು ಇಂಥವರಿಗೇ ಸೇರಬೇಕು ಎಂದೆಲ್ಲ ಬರೆಯಬೇಡಿ. ಜೀವನಾಂಶದ ಹಕ್ಕನ್ನು ಹೀಗೆ ಬಿಟ್ಟುಕೊಡಲಾಗದು. ಮಕ್ಕಳ ವಿಷಯದಲ್ಲಿ ನ್ಯಾಯಾಲಯ ನೋಡುವುದು ಮಕ್ಕಳ ಹಿತವನ್ನೇ.

ಕರಡು ಸಿದ್ಧವಾದಾಗ ಇಬ್ಬರೂ ಬೇರೆ ಬೇರೆ ವಕೀಲರಿಗೆ ತೋರಿಸಿ. ಲಗ್ನಪತ್ರಿಕೆ ಹಂಚಿದ ಮೇಲೆ ಅವಸರದಲ್ಲಿ ಹಾಕಿಸಿಕೊಂಡ ಸಹಿಯನ್ನು ಒತ್ತಾಯದ್ದೆಂದು ಪ್ರಶ್ನಿಸಬಹುದು. ಆದ್ದರಿಂದ ಸಾಕಷ್ಟು ಮೊದಲೇ, ಛಾಪಾ ಕಾಗದದ ಮೇಲೆ, ಸಾಕ್ಷಿಗಳ ಎದುರು ಸಹಿಯಾಗಲಿ. ಒಂದೊಂದು ಮೂಲಪ್ರತಿ ಇಬ್ಬರ ಬಳಿಯೂ ಇರಲಿ. ಮದುವೆಯಾದ ಕೂಡಲೇ ಭವಿಷ್ಯನಿಧಿ, ವಿಮೆಗಳ ನಾಮನಿರ್ದೇಶನವನ್ನೂ ಹೊಸದಾಗಿ ಸಲ್ಲಿಸಿ.