ಮೈನ್‌ಕ್ರಾಫ್ಟ್‌ಗೆ ವಿಎಚ್‌ಎಸ್ ಶೇಡರ್: ಬಣ್ಣ, ಬೆಳಕು ಮೊದಲು ಬೇರೆಯಾಗಲಿ

ಆಟದ ಚಿತ್ರವನ್ನು ಪರದೆಗೆ ಬರುವ ಮೊದಲು ಬದಲಿಸುವ ಪುಟ್ಟ ಪ್ರೋಗ್ರಾಂ ಶೇಡರ್. ಅದರಿಂದ ವಿಡಿಯೊ ಕ್ಯಾಸೆಟ್ (ವಿಎಚ್‌ಎಸ್) ನೋಟ ಕೊಡುತ್ತೇವೆನ್ನುವ ಮಾಡ್‌ಗಳಲ್ಲಿ ಬಹುಪಾಲು ಶುರುವಾಗುವುದೇ ನಾಯ್ಸ್‌ನಿಂದ. ಪರದೆ ತುಂಬ ಚುಕ್ಕಿ, ಕಪ್ಪು ಸ್ಕ್ಯಾನ್‌ಲೈನ್ (ಅಡ್ಡಗೆರೆ), ಕೆಂಪು-ನೀಲಿ ಅಂಚು. ಸ್ಕ್ಯಾನ್‌ಲೈನ್ ಪಿಕ್ಚರ್ ಟ್ಯೂಬಿನ ಗುಣ, ಕೆಂಪು-ನೀಲಿ ಅಂಚು ಲೆನ್ಸಿನ ದೋಷ. ಟೇಪಿನ ತಪ್ಪು ಎರಡರಲ್ಲೂ ಇಲ್ಲ. ವಿಎಚ್‌ಎಸ್ ಟೇಪು ಬೆಳಕನ್ನೂ (ಲೂಮಾ) ಬಣ್ಣವನ್ನೂ (ಕ್ರೋಮಾ) ಬೇರೆ ಬೇರೆ ದಾರಿಯಲ್ಲಿ ಬರೆದಿಡುತ್ತದೆ. ಲೂಮಾ ಎಫ್‌ಎಂ ಆಗಿ ಸುಮಾರು 3 ಮೆಗಾಹರ್ಟ್ಸ್ ಅಗಲ ಪಡೆಯುತ್ತದೆ (ಅಗಲ ಹೆಚ್ಚಿದ್ದಷ್ಟೂ ವಿವರ ಹೆಚ್ಚು). ಕ್ರೋಮಾವನ್ನು ಪಾಲ್ ಎಂಬ ಟಿವಿ ಪದ್ಧತಿಯಲ್ಲಿ 627 ಕಿಲೊಹರ್ಟ್ಸ್‌ಗೆ ಇಳಿಸಿ ಬರೆಯುವುದರಿಂದ ಅದಕ್ಕೆ ಉಳಿಯುವುದು ಅರ್ಧ ಮೆಗಾಹರ್ಟ್ಸ್ ಮಾತ್ರ. ಈ ಎರಡನ್ನು ಬೇರ್ಪಡಿಸದೆ ಎಷ್ಟು ಚುಕ್ಕಿ ಉದುರಿಸಿದರೂ ಕ್ಯಾಸೆಟ್ ಕಾಣುವುದಿಲ್ಲ.

ನಾನು ಈ ಶೇಡರ್ ಮಾಡಿದ್ದು ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಗೆ, ಐರಿಸ್ (ಶೇಡರ್ ಓಡಿಸುವ ಮಾಡ್) ಮೇಲೆ, 1920×1080 ಪರದೆಯಲ್ಲಿ. ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಬಿಟ್ಟು ಪಾಲ್ ಹಿಡಿದದ್ದಕ್ಕೆ ಕಾರಣ ಸರಳ: ನಮ್ಮ ಮನೆಗಳ ಟಿವಿಯಲ್ಲಿ ಓಡಿದ್ದು ಅದೇ. 625 ಗೆರೆ, ಕಾಣುವುದು 576, ಸೆಕೆಂಡಿಗೆ 50 ಫೀಲ್ಡ್ (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರ).

ಮಸುಕು ಎಷ್ಟಿರಬೇಕೆಂದು ಕಣ್ಣಳತೆಯಲ್ಲಿ ಹುಡುಕಬೇಕಿಲ್ಲ. ಪಾಲ್‌ನಲ್ಲಿ ಒಂದು ಗೆರೆಯ ಕಾಣುವ ಭಾಗ 52 ಮೈಕ್ರೊಸೆಕೆಂಡ್. 3 ಮೆಗಾಹರ್ಟ್ಸ್‌ಗೆ 156 ಆವರ್ತ, ಆವರ್ತಕ್ಕೆ ಎರಡರಂತೆ ಅಡ್ಡಕ್ಕೆ 312 ಮಾದರಿ. ಬಣ್ಣಕ್ಕೆ 52 ಅಷ್ಟೇ! 4:3 ಚೌಕಟ್ಟು 1440 ಪಿಕ್ಸೆಲ್ ಅಗಲವಾದ್ದರಿಂದ ಲೂಮಾದ ಒಂದು ಮಾದರಿ 4.6 ಪಿಕ್ಸೆಲ್, ಕ್ರೋಮಾದ್ದು ಹತ್ತಿರ ಹತ್ತಿರ 28. ಮಸುಕು ಮಾಡುವ ಗಾಸಿಯನ್ ಫಿಲ್ಟರ್‌ನಲ್ಲಿ ಹೇಳುವುದಾದರೆ ಸಿಗ್ಮಾ (ಮಸುಕಿನ ಹರವು) ಲೂಮಾಗೆ 1.3, ಕ್ರೋಮಾಗೆ 7.5 ಪಿಕ್ಸೆಲ್. ಮಸುಕು ಅಡ್ಡಕ್ಕೆ ಮಾತ್ರ. ಲಂಬಕ್ಕೆ 576 ಗೆರೆಗೆ ಇಳಿಸಿದರೆ ಸಾಕು, ಆದರೆ ಗೆರೆಗೊಂದೇ ಮಾದರಿ ತೆಗೆದರೆ ಬ್ಲಾಕ್‌ಗಳ ಅಂಚು ನಡೆದಾಡುವಾಗ ಮಿನುಗುತ್ತದೆ. ಗೆರೆಯ ನಡುವಿನಿಂದ ಕಾಲು ಗೆರೆ ಮೇಲೆ, ಕಾಲು ಗೆರೆ ಕೆಳಗೆ ಎರಡು ಮಾದರಿ ತೆಗೆದು ಸರಾಸರಿ ಮಾಡಿ.

ಶೇಡರ್‌ಪ್ಯಾಕ್‌ನಲ್ಲಿ (ಶೇಡರ್ ಫೈಲುಗಳ ಕಟ್ಟು) ಒಂದರ ನಂತರ ಒಂದು ಓಡುವ ಮೂರು ಹಂತ ಸಾಕು: ಕಾಂಪೊಸಿಟ್, ಕಾಂಪೊಸಿಟ್1, ಫೈನಲ್. ಕಾಂಪೊಸಿಟ್‌ನಲ್ಲಿ ಆರ್‌ಜಿಬಿಯಿಂದ (ಕೆಂಪು, ಹಸಿರು, ನೀಲಿ) ವೈಯುವಿಗೆ (ವೈ ಬೆಳಕು; ಯು, ವಿ ಬಣ್ಣ): ವೈ ಎಂದರೆ ಕೆಂಪು 0.299, ಹಸಿರು 0.587, ನೀಲಿ 0.114; ಯು = 0.492 × (ನೀಲಿ − ವೈ); ವಿ = 0.877 × (ಕೆಂಪು − ವೈ). ಕಾಂಪೊಸಿಟ್1ರಲ್ಲಿ ಫಿಲ್ಟರ್. ಫೈನಲ್‌ನಲ್ಲಿ ಗೆರೆಗಳ ಅಲುಗಾಟ, ಆರ್‌ಜಿಬಿಗೆ ವಾಪಸು, ಬದಿ ಕತ್ತರಿಸುವುದು. ಆಟದಿಂದ ಬರುವ ಚಿತ್ರಕ್ಕೆ ಗಾಮಾ (ಬೆಳಕನ್ನು ಪರದೆಗೆ ಹೊಂದಿಸುವ ತಿದ್ದುಪಡಿ) ಮೊದಲೇ ಹತ್ತಿರುತ್ತದೆ, ಟೇಪಿಗೆ ಹೋಗುತ್ತಿದ್ದ ಸಿಗ್ನಲ್ಲೂ ಹಾಗೇ. ಅದನ್ನು ಬಿಡಿಸಿ ಲೀನಿಯರ್ ಮಾಡಲು ಹೋಗಬೇಡಿ.

ಹುಲ್ಲು ಬೂದು ಬಣ್ಣಕ್ಕೆ ತಿರುಗಿದರೆ ಬಫರ್‌ನ (ಹಂತಗಳ ನಡುವೆ ಚಿತ್ರ ಇಡುವ ಜಾಗ) ಫಾರ್ಮ್ಯಾಟ್ ನೋಡಿ. ಹಸಿರಿಗೆ ಯು, ವಿ ಎರಡೂ ಋಣ ಸಂಖ್ಯೆ. 8 ಬಿಟ್‌ನ ಸಾಮಾನ್ಯ ಬಫರ್ ಸೊನ್ನೆಗಿಂತ ಕೆಳಗಿನದನ್ನು ಸೊನ್ನೆಯಾಗಿಸುತ್ತದೆ, ಬಣ್ಣ ಹೋಗಿ ಬರೀ ಬೆಳಕು ಉಳಿಯುತ್ತದೆ. ಕಲರ್‌ಟೆಕ್ಸ್1 ಬಫರ್‌ಗೆ ಋಣ ಸಂಖ್ಯೆಯನ್ನೂ ಹಿಡಿಯುವ ಆರ್‌ಜಿಬಿಎ16ಎಫ್ ಫಾರ್ಮ್ಯಾಟ್ ಕೊಡಿ. ಹಾಗೆ ಹೇಳುವ ಸಾಲು ಕಾಮೆಂಟ್ (ಕಂಪೈಲರ್ ಓದದೆ ಬಿಡುವ ಟಿಪ್ಪಣಿ) ಒಳಗೇ ಇರಬೇಕು: ಐರಿಸ್ ಅಲ್ಲಿಂದಲೇ ಓದಿಕೊಳ್ಳುತ್ತದೆ, ಹೊರಗಿಟ್ಟರೆ ಆ ಹೆಸರು ಗೊತ್ತಿಲ್ಲವೆಂದು ಜಿಎಲ್‌ಎಸ್‌ಎಲ್ (ಶೇಡರ್ ಬರೆಯುವ ಭಾಷೆ) ಕಂಪೈಲರ್ ತಕರಾರು ತೆಗೆಯುತ್ತದೆ.

ಇನ್ನು ನಾಯ್ಸ್. ಅದು ಫಿಲ್ಟರ್‌ಗಿಂತ ಮೊದಲು ಸೇರಬೇಕು, ಆಗಲೇ ಬಣ್ಣದ ಕಲೆಗಳು ಅಡ್ಡಕ್ಕೆ ಎಳೆದಂತೆ ಕಾಣುತ್ತವೆ. ಇಲ್ಲೊಂದು ಸೂಕ್ಷ್ಮ. ಖರ್ಚು ಉಳಿಸಲು ಕ್ರೋಮಾ ಫಿಲ್ಟರ್ ಅನ್ನು 4 ಪಿಕ್ಸೆಲ್ ಅಂತರದ 9 ಮಾದರಿಗಳಲ್ಲಿ ಮುಗಿಸುತ್ತೇವೆ. ಆಗ ಅಕ್ಕಪಕ್ಕದ ಪಿಕ್ಸೆಲ್‌ಗಳು ಬೇರೆ ಬೇರೆ ನಾಯ್ಸ್ ಓದಿ ಚುಕ್ಕಿ ಚುಕ್ಕಿಯಾಗಿಯೇ ಉಳಿಯುತ್ತದೆ. ಕ್ರೋಮಾ ನಾಯ್ಸ್ ಅನ್ನು 4 ಪಿಕ್ಸೆಲ್‌ಗೆ ಒಂದೇ ಬೆಲೆಯಾಗಿ ಕೊಟ್ಟರೆ ಸರಿಹೋಗುತ್ತದೆ. ನಾಯ್ಸ್‌ನ ಪ್ರಮಾಣವನ್ನು ಲೂಮಾಗೆ 0.03, ಕ್ರೋಮಾಗೆ 0.10ರಿಂದ ಶುರುಮಾಡಿ, ಗುಹೆಯ ಕತ್ತಲಲ್ಲಿ ನೋಡಿಯೇ ಅಂತಿಮಗೊಳಿಸಿ. ನಾಯ್ಸ್ ಬದಲಾಗಬೇಕಾದ್ದು ಫ್ರೇಮಿಗೊಮ್ಮೆಯಲ್ಲ, ಸೆಕೆಂಡಿಗೆ 50 ಸಲ. 144 ಫ್ರೇಮ್‌ನಲ್ಲಿ ಓಡಿದರೆ ಕಣ್ಣೇ ಸರಾಸರಿ ಮಾಡಿ ಅಳಿಸಿಬಿಡುತ್ತದೆ. ಫ್ರೇಮ್‌ಟೈಮ್‌ಕೌಂಟರ್ (ಐರಿಸ್ ಸೆಕೆಂಡುಗಳಲ್ಲಿ ಕೊಡುವ ಸಮಯ) ಅನ್ನು 50ರಿಂದ ಗುಣಿಸಿ ಪೂರ್ಣಾಂಕ ಮಾಡಿ, 1024ರಿಂದ ಭಾಗಿಸಿದ ಶೇಷ ಬಳಸಿ. ನೇರವಾಗಿ ಸೈನ್ ಹ್ಯಾಶ್‌ಗೆ (ಯಾದೃಚ್ಛಿಕವೆನಿಸುವ ಸಂಖ್ಯೆ ಕೊಡುವ ಸೂತ್ರ) ಹಾಕಿದರೆ ಸ್ವಲ್ಪ ಹೊತ್ತಿನ ಬಳಿಕ ಸಂಖ್ಯೆ ದೊಡ್ಡದಾಗಿ, ನಿಖರತೆ ಕಳೆದು ನಾಯ್ಸ್ ಪಟ್ಟೆ ಪಟ್ಟೆಯಾಗುತ್ತದೆ.

ಫೈನಲ್‌ನಲ್ಲಿ ಕ್ರೋಮಾವನ್ನು ಮಾತ್ರ 8 ಪಿಕ್ಸೆಲ್ ಬಲಕ್ಕೆ ಸರಿಸಿ (ಸುಮಾರು 0.3 ಮೈಕ್ರೊಸೆಕೆಂಡ್ ತಡ). ಲೂಮಾ ಜಾಗ ಬಿಡಬಾರದು. ಕೆಂಪು ಉಣ್ಣೆಯ ಬ್ಲಾಕ್ ಮುಂದೆ ನಿಂತರೆ ಬಣ್ಣ ಅಂಚು ದಾಟಿ ಸೋರುವುದು ಕಾಣಬೇಕು. ಕೆಳಗಿನ 10 ಗೆರೆಗಳನ್ನು ಕೆಳಗಿಳಿದಂತೆ ಹೆಚ್ಚು ಹೆಚ್ಚು ಪಕ್ಕಕ್ಕೆ ಬಾಗಿಸಿ: ಟೇಪನ್ನು ಓದುವ, ತಿರುಗುವ ಡ್ರಮ್‌ನ ಒಂದು ಹೆಡ್‌ನಿಂದ ಇನ್ನೊಂದಕ್ಕೆ ಬದಲಾಗುವ ಜಾಗ ಅದು. ಹಳೆಯ ಟಿವಿಗಳ ಚೌಕಟ್ಟು ಇದನ್ನು ಮರೆಮಾಡುತ್ತಿತ್ತು, ಹಾಗಾಗಿ ಟಿವಿ ನೋಟವೇ ಬೇಕಾದರೆ ಬಿಟ್ಟುಬಿಡಿ. ಡ್ರಾಪೌಟ್ ಎಂದರೆ ಟೇಪಿನ ಆಕ್ಸೈಡ್ ಲೇಪ ಉದುರಿದ ಜಾಗ, ಒಂದೇ ಗೆರೆ ಎತ್ತರದ ಬಿಳಿ ಗೀಟು, ಬಲಕ್ಕೆ ಮಾಸುತ್ತಾ ಹೋಗುತ್ತದೆ. ಸೆಕೆಂಡಿಗೆ ಒಂದೆರಡು ಸಾಕು. ಜಾಸ್ತಿಯಾದರೆ ಮಳೆ ಬಂದಂತೆ ಕಾಣುತ್ತದೆ.

ಜೀವ ತೋರಿಸುವ ಹೃದಯಗಳು, ಹಾಟ್‌ಬಾರ್ (ಕೆಳಗಿನ ವಸ್ತುಗಳ ಸಾಲು) ಮಾತ್ರ ಚೂಪಾಗಿಯೇ ಉಳಿಯುತ್ತವೆ. ಅವು ಫೈನಲ್ ಮುಗಿದ ಮೇಲೆ ಬರೆಯಲ್ಪಡುವುದರಿಂದ ಶೇಡರ್‌ಪ್ಯಾಕ್‌ನ ಕೈಗೆ ಸಿಗುವುದಿಲ್ಲ. ವಿಡಿಯೊ ತೆಗೆಯುವಾಗ ಎಫ್1 ಒತ್ತಿ ಮರೆಮಾಡಿ. ಅವುಗಳಿಗೂ ಟೇಪಿನ ನೋಟ ಬೇಕೆಂದರೆ ಇದೇ ಲೆಕ್ಕವನ್ನು ರೀಶೇಡ್ ಎಂಬ ಬೇರೆ ಉಪಕರಣಕ್ಕೆ ಬರೆಯಬೇಕು, ಅದು ಪೂರ್ತಿ ಚಿತ್ರ ತಯಾರಾದ ಮೇಲೆ ಕೈಹಾಕುತ್ತದೆ.